ಉಷ್ಣಮಾಪಕ ಹೇಳದ ಸೆಕೆ

ನಾವು ಪಾಠ ಹೇಳುವ ಕಾಲೇಜಿನ ಕಚೇರಿಯಲ್ಲಿ ಪ್ರತಿವರ್ಷವೂ ಮಾರ್ಚ್ ತಿಂಗಳ ನಡುವಿನಿಂದ ಮೊದಲ ಮಳೆ ಬೀಳುವವರೆಗೆ ಒಂದು ವ್ಯಾಜ್ಯ ನಡೆಯುತ್ತಿತ್ತು. ಕಚೇರಿಯೆಂದರೆ ಒಂದೇ ಉದ್ದನೆಯ ಕೋಣೆ. ಪಡುವಣ ಗೋಡೆಯ ದೊಡ್ಡ ಕಿಟಕಿಯ ಪಕ್ಕದಲ್ಲಿ ಮುಖ್ಯ ಗುಮಾಸ್ತರ ಮೇಜು. ಮೂಡಣ ಗೋಡೆಯ ಮೇಲೆ ಹವಾನಿಯಂತ್ರಣ ಯಂತ್ರ. ಅದರ ಗಾಳಿ ನೇರವಾಗಿ ಬೀಳುವ ಕಡೆ, ಪ್ರವೇಶದ ಅರ್ಜಿಗಳನ್ನೂ ಶುಲ್ಕದ ಲೆಕ್ಕವನ್ನೂ ನೋಡಿಕೊಳ್ಳುವ ಮಹಿಳೆಯ ಮೇಜು. ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಗುಮಾಸ್ತರು ಕಡತವೊಂದನ್ನು ಬೀಸಣಿಗೆ ಮಾಡಿಕೊಂಡು, "ಮೇಡಂ, ಇನ್ನೆರಡು ಡಿಗ್ರಿ ಇಳಿಸುತ್ತೇನೆ, ಅಂಗಿಯೆಲ್ಲ ಒದ್ದೆ" ಎನ್ನುವರು. ಶಾಲು ಹೊದ್ದು ಕುಳಿತ ಆಕೆ, "ಈಗಾಗಲೇ ಹದಿನೆಂಟಕ್ಕೆ ಇಟ್ಟಿದ್ದೀರಿ ಸಾರ್, ನನ್ನ ಬೆರಳು ಮರಗಟ್ಟಿವೆ" ಎನ್ನುವರು. ಇದರ ನಡುವೆ ಏಪ್ರಿಲ್ ತಿಂಗಳ ವಿದ್ಯುತ್ ಬಿಲ್ಲು ಬಂದಿತು. ಪ್ರಿನ್ಸಿಪಾಲರು ಅದನ್ನು ನಮ್ಮ ಮುಂದಿಟ್ಟು, "ನೀವು ಭೌತಶಾಸ್ತ್ರದವರು. ಇವರಿಬ್ಬರಲ್ಲಿ ಯಾರ ಮಾತು ನಿಜ? ಆ ಯಂತ್ರವನ್ನೇ ತೆಗೆಸಿಬಿಡಲೇ?" ಎಂದು ಕೇಳಿದರು.

ಪ್ರಯೋಗಶಾಲೆಯಿಂದ ಉಷ್ಣಮಾಪಕವೊಂದನ್ನು ತೆಗೆದುಕೊಂಡು ಹೋಗಿ ಎರಡು ಮೇಜುಗಳ ಬಳಿಯೂ ಗಾಳಿಯ ಉಷ್ಣತೆಯನ್ನು ಅಳೆದೆವು. ಯಂತ್ರಕ್ಕೆ ವಿಧಿಸಿದ್ದು 18 ಡಿಗ್ರಿ ಸೆಲ್ಸಿಯಸ್. ಅದು ಎಡೆಬಿಡದೆ ಓಡಿದರೂ ಕೋಣೆ ನಿಂತದ್ದು 25ರ ಆಸುಪಾಸಿನಲ್ಲಿ. ಎರಡು ಮೇಜುಗಳ ನಡುವಣ ವ್ಯತ್ಯಾಸ ಒಂದು ಡಿಗ್ರಿಯೂ ಇರಲಿಲ್ಲ. ಉಷ್ಣಮಾಪಕವನ್ನು ನಂಬುವುದಾದರೆ ವ್ಯಾಜ್ಯಕ್ಕೆ ಕಾರಣವೇ ಇಲ್ಲ. ಆದರೆ ಒಬ್ಬರ ಅಂಗಿ ಒದ್ದೆಯಾಗಿದ್ದುದೂ ನಿಜ, ಇನ್ನೊಬ್ಬರ ಬೆರಳು ತಣ್ಣಗಿದ್ದುದೂ ನಿಜ. ಹೀಗಿರುವಲ್ಲಿ ತಪ್ಪಿರುವುದು ನಮ್ಮ ಪ್ರಶ್ನೆಯಲ್ಲಿಯೇ ಎಂದು ತಿಳಿಯಬೇಕು. ಉಷ್ಣಮಾಪಕ ತನ್ನನ್ನು ಸುತ್ತುವರಿದ ಗಾಳಿಯ ಸ್ಥಿತಿಯನ್ನು ತಿಳಿಸುತ್ತದೆ. ಮನುಷ್ಯನಿಗೆ ಸೆಕೆ ಅಥವಾ ಚಳಿ ತೋರುವುದು ಬೇರೊಂದು ಸಂಗತಿಯಿಂದ: ಅವನ ಮೈಯಿಂದ ಶಾಖ ಎಷ್ಟು ವೇಗದಲ್ಲಿ ಹೊರಗೆ ಹೋಗುತ್ತಿದೆ ಎಂಬುದರಿಂದ.

ಮನುಷ್ಯದೇಹವನ್ನು ಸಣ್ಣ ಉರಿಯ ಒಲೆಗೆ ಹೋಲಿಸಬಹುದು. ಸುಮ್ಮನೆ ಕುಳಿತು ಬರೆಯುವ ವಯಸ್ಕನ ದೇಹದಲ್ಲಿ ಆಹಾರ ಉರಿದು ಉಂಟಾಗುವ ಶಾಖ ಹೆಚ್ಚುಕಡಮೆ 100ರಿಂದ 120 ವ್ಯಾಟ್. ಹಳೆಯ ಕಾಲದ ಬುರುಡೆ ದೀಪವೊಂದು ಸೂಸುತ್ತಿದ್ದಷ್ಟು. ಒಳಗಿನ ಉಷ್ಣತೆ 37 ಡಿಗ್ರಿಯಲ್ಲಿ ನಿಲ್ಲಬೇಕಾದರೆ ಈ ಶಾಖವೆಲ್ಲವೂ ಹುಟ್ಟಿದ ವೇಗದಲ್ಲಿಯೇ ಹೊರಬೀಳಬೇಕು. ಅದಕ್ಕೆ ಮುಖ್ಯವಾದ ದಾರಿಗಳು ಮೂರು. ಮೈಗೆ ತಾಗಿದ ಗಾಳಿ ಬಿಸಿಯಾಗಿ ಸರಿದುಹೋಗುವುದು ಒಂದು. ಸುತ್ತಲಿನ ಗೋಡೆ, ಛಾವಣಿ, ಕಿಟಕಿಗಳಿಗೆ ಮೈ ಶಾಖವನ್ನು ವಿಕಿರಣದ ರೂಪದಲ್ಲಿ ಕೊಡುವುದು ಇನ್ನೊಂದು. ಬೆವರೂ ಉಸಿರಿನ ತೇವವೂ ಆವಿಯಾಗುವಾಗ ಗುಪ್ತೋಷ್ಣವನ್ನು ಒಯ್ಯುವುದು ಮೂರನೆಯದು. ಹಿತವಾದ ಕೋಣೆಯಲ್ಲಿ ಮೊದಲೆರಡು ದಾರಿಗಳೇ ಬಹುಭಾಗವನ್ನು ಸಾಗಿಸುತ್ತವೆ. ಅವುಗಳಲ್ಲಿ ವಿಕಿರಣದ ಪಾಲು ಗಾಳಿಯ ಪಾಲಿಗಿಂತ ಕಡಮೆಯೇನಲ್ಲ. ಸಾಮಾನ್ಯ ಉಷ್ಣಮಾಪಕ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ಈ ದೊಡ್ಡ ಪಾಲನ್ನೇ.

ಇದನ್ನು ಅಳೆಯುವುದು ಕಷ್ಟವಲ್ಲ. ಮೇಜು ಟೆನ್ನಿಸ್ ಆಟದ ಚೆಂಡೊಂದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಅದಕ್ಕೊಂದು ರಂಧ್ರ ಕೊರೆದು, ಉಷ್ಣಮಾಪಕದ ಬುರುಡೆ ಚೆಂಡಿನ ನಡುವೆ ಇರುವಂತೆ ಕೂರಿಸಿ, ರಂಧ್ರವನ್ನು ಮೇಣದಿಂದ ಮುಚ್ಚಬೇಕು. ಕಪ್ಪು ಚೆಂಡು ಸುತ್ತಲಿನಿಂದ ಬರುವ ವಿಕಿರಣವನ್ನು ಹೀರಿ, ಗಾಳಿಯನ್ನೂ ಗೋಡೆಯನ್ನೂ ಒಟ್ಟಿಗೆ ಗಣಿಸಿದ ಉಷ್ಣತೆಯನ್ನು ತೋರಿಸುತ್ತದೆ. ಮೊದಲು ಇದನ್ನು 15 ಸೆಂಟಿಮೀಟರ್ ವ್ಯಾಸದ ಟೊಳ್ಳು ತಾಮ್ರದ ಗೋಳದಿಂದ ಮಾಡುತ್ತಿದ್ದರು. ಆಟದ ಚೆಂಡೂ ಸಾಕೆಂದು ಅನಂತರ ಕಂಡುಕೊಂಡರು. ನಮ್ಮ ದ್ವಿತೀಯ ವರ್ಷದ ವಿದ್ಯಾರ್ಥಿಗಳು ಇಂಥ ಎರಡು ಚೆಂಡುಗಳನ್ನು ಒಂದೇ ಮಧ್ಯಾಹ್ನದಲ್ಲಿ ಸಿದ್ಧಪಡಿಸಿದರು. ಬಿಸಿಲು ನೇರವಾಗಿ ತಾಗದಂತೆ ಇಟ್ಟಿದ್ದರೂ ಗುಮಾಸ್ತರ ಮೇಜಿನ ಮೇಲಿನ ಚೆಂಡು ಗಾಳಿಗಿಂತ ನಾಲ್ಕು ಡಿಗ್ರಿ ಹೆಚ್ಚು ತೋರಿಸಿತು. ಇನ್ನೊಂದು ಮೇಜಿನ ಮೇಲೆ ಚೆಂಡಿಗೂ ಗಾಳಿಗೂ ಭೇದವಿರಲಿಲ್ಲ. ಅಂದರೆ ಗುಮಾಸ್ತರು ಕಾದ ಗಾಜನ್ನೂ ಕಾದ ಗೋಡೆಯನ್ನೂ ಪಕ್ಕದಲ್ಲಿಟ್ಟುಕೊಂಡು, ತಣ್ಣನೆಯ ಗಾಳಿಯ ನಡುವೆ ಬೇಯುತ್ತಿದ್ದರು.

ಆ ಕಿಟಕಿಯ ಲೆಕ್ಕವನ್ನು ಈಗ ನೋಡೋಣ. ಬೇಸಿಗೆಯ ಇಳಿಹೊತ್ತಿನಲ್ಲಿ ಪಡುವಣ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 600 ವ್ಯಾಟಿನಷ್ಟು ಬಿಸಿಲು ಬೀಳುತ್ತದೆ. ಸಾಮಾನ್ಯ ಗಾಜು ಅದರ ನಾಲ್ಕೈದು ಭಾಗಗಳಲ್ಲಿ ಒಂದನ್ನು ಮಾತ್ರ ತಡೆದು ಉಳಿದುದನ್ನು ಒಳಗೆ ಬಿಡುತ್ತದೆ. ಎರಡು ಚದರ ಮೀಟರಿನ ಕಿಟಕಿಯೆಂದರೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟಿನ ವಿದ್ಯುತ್ ಒಲೆಯನ್ನು ಹೊತ್ತಿಸಿ ಕೋಣೆಯೊಳಗೆ ಇಟ್ಟಂತೆಯೇ. ಒಂದೂವರೆ ಟನ್ನಿನ ಯಂತ್ರ ಒಟ್ಟು ಐದು ಕಿಲೋವ್ಯಾಟಿನಷ್ಟು ಶಾಖವನ್ನು ಹೊರಹಾಕಬಲ್ಲುದು. ಅದರ ಐದನೆಯ ಒಂದು ಪಾಲು ಈ ಕಿಟಕಿಯೊಂದಕ್ಕೇ ಸಲ್ಲುತ್ತಿತ್ತು. "ಪರದೆ ಇದೆಯಲ್ಲ" ಎಂದರು ಗುಮಾಸ್ತರು. ಪರದೆ ಇದ್ದುದು ಗಾಜಿನ ಒಳಗಡೆ. ಬಿಸಿಲು ಗಾಜನ್ನು ದಾಟಿ ಬಂದು ಪರದೆಯನ್ನು ಕಾಯಿಸಿದ ಮೇಲೆ ಆ ಶಾಖದ ಬಹುಭಾಗ ಕೋಣೆಯಲ್ಲಿಯೇ ಉಳಿಯುತ್ತದೆ. ಕಾದ ಪರದೆ ಸೂಸುವ ದೀರ್ಘ ತರಂಗದ ವಿಕಿರಣವನ್ನು ಗಾಜು ಹೊರಗೆ ಬಿಡುವುದಿಲ್ಲ. ಅದೇ ಬಟ್ಟೆಯನ್ನೋ ಬಿದಿರಿನ ತಟ್ಟಿಯನ್ನೋ ಗಾಜಿನ ಹೊರಗಡೆ ತೂಗಹಾಕಿದರೆ, ಕಾದದ್ದು ಹೊರಗಿನ ಗಾಳಿಯಲ್ಲಿಯೇ ಆರಿಹೋಗುತ್ತದೆ. ಮೇಲಿನ ಸಜ್ಜಾ ಇದಕ್ಕೆ ಸಾಲದು: ಇಳಿಹೊತ್ತಿನ ಸೂರ್ಯ ಕೆಳಗಿನಿಂದ ನೋಡುವುದರಿಂದ ಸಜ್ಜಾದ ನೆರಳು ಕಿಟಕಿಯವರೆಗೆ ಇಳಿಯುವುದಿಲ್ಲ. ನಮ್ಮ ಹಿರಿಯರು ಜಗಲಿಗೆ ತಟ್ಟಿ ಕಟ್ಟುತ್ತಿದ್ದುದು, ಪಡುವಣಕ್ಕೆ ಹೊಂಗೆಯನ್ನೋ ಬೇವನ್ನೋ ನೆಡುತ್ತಿದ್ದುದು ಲೆಕ್ಕವಿಲ್ಲದೆ ಅಲ್ಲ.

ಇನ್ನು ಶಾಲಿನ ವಿಚಾರ. ಹವಾನಿಯಂತ್ರಣದ ಚರಿತ್ರೆಯೇ ಇಲ್ಲಿ ಸ್ವಲ್ಪ ನಗೆ ತರಿಸುತ್ತದೆ. ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಯುವ ಇಂಜಿನಿಯರ್ 1902ರಲ್ಲಿ ಇಂಥ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕಾಗಿ. ಅಲ್ಲಿ ಸೆಕೆಯಿಂದ ಬಳಲುತ್ತಿದ್ದವರು ಕೆಲಸಗಾರರಷ್ಟೇ ಅಲ್ಲ, ಕಾಗದವೂ ಬಳಲುತ್ತಿತ್ತು. ಗಾಳಿಯ ತೇವ ಏರಿಳಿದಂತೆಲ್ಲ ಅದು ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಯಂತ್ರ ಬಂದುದು ಕಾಗದದ ಹಿತಕ್ಕಾಗಿ. ಮನುಷ್ಯನ ಹಿತವನ್ನು ಸಮೀಕರಣಕ್ಕೆ ತಂದ ಕೀರ್ತಿ ಡೆನ್ಮಾರ್ಕಿನ ಪಿ. ಓ. ಫ್ಯಾಂಗರ್ ಅವರದು. ಅಮೆರಿಕ ಮತ್ತು ಡೆನ್ಮಾರ್ಕಿನ ಕಾಲೇಜು ವಿದ್ಯಾರ್ಥಿಗಳನ್ನು ನಿಯಂತ್ರಿತ ಕೋಣೆಗಳಲ್ಲಿ ಕೂರಿಸಿ ಮಾಡಿದ ಪ್ರಯೋಗಗಳನ್ನು ಆಧರಿಸಿ 1970ರಲ್ಲಿ ಪ್ರಕಟವಾದ ಅವರ ಗ್ರಂಥ, ಹಿತವು ಆರು ಸಂಗತಿಗಳನ್ನು ಅವಲಂಬಿಸುತ್ತದೆಂದು ತೋರಿಸಿತು: ಗಾಳಿಯ ಉಷ್ಣತೆ, ಸುತ್ತಲಿನ ಮೈಗಳ ಉಷ್ಣತೆ, ಗಾಳಿಯ ವೇಗ, ತೇವ, ತೊಟ್ಟ ಬಟ್ಟೆ, ಮಾಡುವ ಕೆಲಸ. ನಮ್ಮ ಕೈಯಲ್ಲಿರುವ ರಿಮೋಟು ಈ ಆರರಲ್ಲಿ ಮೊದಲನೆಯದನ್ನು ಮಾತ್ರ ದೊಡ್ಡ ಅಂಕೆಗಳಲ್ಲಿ ತೋರಿಸುತ್ತದೆ. ಉಳಿದ ಐದು ಸಂಗತಿಗಳನ್ನು ಕೆಡಿಸಿಟ್ಟುಕೊಂಡು ಮೊದಲನೆಯದೊಂದರಿಂದಲೇ ಎಲ್ಲವನ್ನೂ ಸರಿಪಡಿಸಹೊರಟಾಗ ಬಿಲ್ಲು ಏರುತ್ತದೆ. ಫ್ಯಾಂಗರ್ ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದರು: ಎಲ್ಲವನ್ನೂ ಸರಿಹೊಂದಿಸಿದರೂ ನೂರರಲ್ಲಿ ಐವರಾದರೂ ಅತೃಪ್ತರಾಗಿಯೇ ಉಳಿಯುವರು.

ಈ ಲೆಕ್ಕಕ್ಕೆ ತೆಗೆದುಕೊಂಡ ಮನುಷ್ಯ ಯಾರು ಎಂಬ ಪ್ರಶ್ನೆ 2015ರಲ್ಲಿ ಎದ್ದಿತು. ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು, ಕಚೇರಿಗಳಲ್ಲಿ ಬಳಸುವ ಪ್ರಮಾಣದಲ್ಲಿ ದೇಹದ ಶಾಖೋತ್ಪತ್ತಿಯ ಅಂಕೆ ಸರಾಸರಿ ಪುರುಷನೊಬ್ಬನದೆಂದೂ, ಹೆಂಗಸರ ಪಾಲಿಗೆ ಅದು ಶೇಕಡ 35ರವರೆಗೂ ಹೆಚ್ಚಾಗಿರಬಹುದೆಂದೂ ತೋರಿಸಿದರು. ದೇಹದಲ್ಲಿ ಹುಟ್ಟುವ ಶಾಖವೇ ಕಡಮೆ. ಅದರ ಮೇಲೆ ಯಂತ್ರದ ಬಾಯಿಂದ ಹೊರಡುವ ಚಳಿಗಾಳಿ ಕತ್ತಿನ ಮೇಲೆ ಬೀಳುತ್ತದೆ. ಆಕೆ ಶಾಲು ಹೊದ್ದದ್ದು ನಾಜೂಕಿನಿಂದಲ್ಲ.

ಈಗ ಖರ್ಚಿನ ಮಾತು. ಹವಾನಿಯಂತ್ರಣ ಯಂತ್ರ ಚಳಿಯನ್ನು ತಯಾರಿಸುವುದಿಲ್ಲ. ಅದು ಒಳಗಿನ ಶಾಖವನ್ನು ಮೊಗೆದು ಹೊರಗೆ ಚೆಲ್ಲುವ ಏತ. ಬಾವಿ ಆಳವಾದಷ್ಟೂ ಒಂದು ಕೊಡ ನೀರು ಸೇದಲು ಹೆಚ್ಚು ಶ್ರಮ ಬೇಕಾಗುವಂತೆ, ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರ ಹೆಚ್ಚಿದಷ್ಟೂ ಅದೇ ಶಾಖವನ್ನು ಎತ್ತಿಹಾಕಲು ಹೆಚ್ಚು ವಿದ್ಯುತ್ತು ಬೇಕು. ಇದು ಕಾರ್ನೋ ತೋರಿಸಿದ ನಿಯಮ. ಯಾವ ಕಂಪೆನಿಯ ಯಂತ್ರವೂ ಇದನ್ನು ಮೀರಲಾರದು. ಸಾಲದುದಕ್ಕೆ ಬಾವಿಯನ್ನು ಆಳಮಾಡಿದಷ್ಟೂ ಪಕ್ಕಗಳಿಂದ ನೀರು ಹೆಚ್ಚು ಜಿನುಗುತ್ತದೆ. ಹೊರಗೆ 34 ಡಿಗ್ರಿ ಇರುವಾಗ ಒಳಗೆ 20 ಇಟ್ಟರೆ ಅಂತರ 14. 24 ಇಟ್ಟರೆ 10. ಗೋಡೆಯ ಮೂಲಕ ಒಳನುಗ್ಗುವ ಶಾಖ ಈ ನಾಲ್ಕು ಡಿಗ್ರಿಗಳಿಂದ ಶೇಕಡ 28ರಷ್ಟು ಇಳಿಯುತ್ತದೆ. ಬಿಸಿಲಿನಿಂದಲೂ ಜನರಿಂದಲೂ ಬರುವ ಶಾಖ ಇದರಿಂದ ಇಳಿಯದಾದುದರಿಂದ ಒಟ್ಟು ಉಳಿತಾಯ ಅಷ್ಟಾಗದು. ನಮ್ಮ ದೇಶದ ಇಂಧನ ದಕ್ಷತಾ ಬ್ಯೂರೋ ಕೊಡುವ ಅಂದಾಜು ಡಿಗ್ರಿಯೊಂದಕ್ಕೆ ಸುಮಾರು ಶೇಕಡ 6. ದೇಶದಲ್ಲಿ ಮಾರಾಟವಾಗುವ ನಕ್ಷತ್ರ ಗುರುತಿನ ಕೋಣೆಯಂತ್ರಗಳು ಹೊತ್ತಿಸಿದೊಡನೆ 24 ಡಿಗ್ರಿಯಲ್ಲಿ ತೊಡಗಬೇಕೆಂಬ ನಿಯಮ 2020ರ ಜನವರಿಯಿಂದ ಬಂದಿರುವುದಕ್ಕೂ ಇದೇ ಕಾರಣ. 16ಕ್ಕೆ ಇಟ್ಟರೆ ಕೋಣೆ ಬೇಗ ತಣಿಯುವುದೆಂದು ಹಲವರು ನಂಬಿದ್ದಾರೆ. ಕೋಣೆ ಬಿಸಿಯಾಗಿರುವಷ್ಟು ಹೊತ್ತು ಯಂತ್ರ 24ಕ್ಕೂ 16ಕ್ಕೂ ಹೆಚ್ಚುಕಡಮೆ ಒಂದೇ ಬಲದಿಂದ ದುಡಿಯುತ್ತದೆ. 16 ಎಂದರೆ ಯಾವಾಗ ನಿಲ್ಲಬೇಕೆಂಬುದು ಅದಕ್ಕೆ ತಿಳಿಯದೆ ಹೋಗುತ್ತದೆ, ಅಷ್ಟೆ.

24 ಅಥವಾ 26ಕ್ಕೆ ಏರಿಸಿದರೆ ಕೆಲಸ ಮಾಡುವವರ ಗತಿಯೇನು? ಇಲ್ಲಿಯೇ ನಮ್ಮ ಹಳೆಯ ಸೂರಿನ ಪಂಖ ಸಹಾಯಕ್ಕೆ ಬರುತ್ತದೆ. ಪಂಖ ಗಾಳಿಯನ್ನು ತಣಿಸುವುದಿಲ್ಲ; ತಾನು ತಿನ್ನುವ ವಿದ್ಯುತ್ತನ್ನೆಲ್ಲ ಶಾಖವಾಗಿ ಮಾರ್ಪಡಿಸಿ ಕೋಣೆಯನ್ನು ಎಳ್ಳಷ್ಟು ಬಿಸಿಯನ್ನೇ ಮಾಡುತ್ತದೆ. (ಆದುದರಿಂದ ಯಾರೂ ಇಲ್ಲದ ಕೋಣೆಯಲ್ಲಿ ಪಂಖ ತಿರುಗಿಸುವುದು ಶುದ್ಧ ನಷ್ಟ, ನಮ್ಮ ತರಗತಿಗಳಲ್ಲಿ ಇದು ದಿನನಿತ್ಯದ ದೃಶ್ಯ.) ಆದರೆ ಅದು ಮೈಗೆ ಅಂಟಿಕೊಂಡ ಬೆಚ್ಚನೆಯ ಗಾಳಿಯ ಪದರವನ್ನು ಕಿತ್ತು, ಬೆವರನ್ನು ಬೇಗ ಆವಿಯಾಗಿಸುತ್ತದೆ. ಸೆಕೆಂಡಿಗೆ ಒಂದು ಮೀಟರಿಗೆ ಸಮೀಪವಾದ ವೇಗದ ಗಾಳಿ, ಉಷ್ಣತೆಯನ್ನು ಸುಮಾರು ಮೂರು ಡಿಗ್ರಿ ಇಳಿಸಿದಷ್ಟು ಹಿತವನ್ನು ಕೊಡಬಲ್ಲುದು. ಹಳೆಯ ಮಾದರಿಯ ಪಂಖ ಇದಕ್ಕೆ ಬಳಸುವುದು 75 ವ್ಯಾಟ್, ಹೊಸ ಬಿ.ಎಲ್.ಡಿ.ಸಿ. ಮೋಟಾರಿನದು 30ರ ಆಸುಪಾಸು. ಒಂದೂವರೆ ಟನ್ನಿನ ಯಂತ್ರ ಪೂರ್ಣಬಲದಲ್ಲಿ ಓಡುವಾಗ ಸುಮಾರು 1,500 ವ್ಯಾಟ್ ಬಳಸುತ್ತದೆ. ಪಂಖವೋ ಯಂತ್ರವೋ ಎಂದು ಜಗಳವಾಡುವುದಕ್ಕಿಂತ, ಯಂತ್ರವನ್ನು 26ರಲ್ಲಿಟ್ಟು ಪಂಖವನ್ನು ಮೆಲ್ಲಗೆ ತಿರುಗಿಸುವುದು ಲೇಸು.

ಎಲ್ಲ ಊರಿಗೂ ಒಂದೇ ಮದ್ದು ಸಲ್ಲದೆಂಬುದನ್ನೂ ಇಲ್ಲಿ ಹೇಳಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆ ಒಣ ಬೇಸಿಗೆ. ಅಲ್ಲಿ ನೀರು ತೊಟ್ಟಿಕ್ಕುವ ಕೂಲರೋ ಲಾವಂಚದ ತಟ್ಟಿಯೋ, ಮಡಕೆಯ ನೀರು ತಣ್ಣಗಾಗುವ ನ್ಯಾಯದಿಂದಲೇ ಗಾಳಿಯನ್ನು ಅಗ್ಗವಾಗಿ ತಣಿಸುತ್ತದೆ: ಒಂದು ಲೀಟರ್ ನೀರು ಆವಿಯಾದರೆ ಹತ್ತಿರ ಹತ್ತಿರ ಮುಕ್ಕಾಲು ಯೂನಿಟ್ಟಿನಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ, ಮೊದಲೇ ತೇವದಿಂದ ತುಂಬಿದ ಗಾಳಿಗೆ ಇನ್ನಷ್ಟು ತೇವ ಸೇರಿಸಿ ಸೆಕೆಯನ್ನು ಹೆಚ್ಚಿಸುತ್ತದೆ. ಕರಾವಳಿಯಲ್ಲಿ ಹವಾನಿಯಂತ್ರಣ ಯಂತ್ರದ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಓದುಗರು ನೋಡಿರಬಹುದು. ಅಲ್ಲಿ ಯಂತ್ರದ ಶ್ರಮದ ಗಣನೀಯ ಭಾಗ ಗಾಳಿಯನ್ನು ಒಣಗಿಸುವುದಕ್ಕೇ ಹೋಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ವರ್ಷದ ಬಹು ತಿಂಗಳು ಕಿಟಕಿಯೂ ಪಂಖವೂ ಸಾಕು. ಆ ಊರಿನಲ್ಲಿಯೇ ಎಲ್ಲ ಪಕ್ಕವೂ ಗಾಜಿನಿಂದ ಮುಚ್ಚಿದ, ಒಂದು ಕಿಟಕಿಯನ್ನೂ ತೆರೆಯಲಾಗದ ಕಚೇರಿಗಳು ಸಾಲುಸಾಲಾಗಿ ಎದ್ದಿರುವುದು ನಮಗೆ ಅರ್ಥವಾಗದ ಸಂಗತಿ.

ಇಲ್ಲಿಯವರೆಗೆ ಕುರ್ಚಿ ಮೇಜುಗಳ ಕೋಣೆಯ ಮಾತಾಯಿತು. ಸೆಕೆಯಿಂದ ನಿಜವಾಗಿ ಬಾಧೆಪಡುವವರು ಕಾರ್ಖಾನೆಗಳಲ್ಲಿದ್ದಾರೆ. ಕಲ್ನಾರಿನ ಶೀಟಿನ ಛಾವಣಿ ಬಿಸಿಲಿನಲ್ಲಿ 60 ಡಿಗ್ರಿಗೆ ಕಾದಾಗ ಅದರ ಪ್ರತಿ ಚದರ ಮೀಟರ್ ಕೆಳಮುಖವಾಗಿ ಸೂಸುವ ವಿಕಿರಣ ಸುಮಾರು 630 ವ್ಯಾಟ್. 30 ಡಿಗ್ರಿಯ ಛಾವಣಿಯಾದರೆ 430. ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ವಿಕಿರಣ ಏರುತ್ತದೆಂದು ಸ್ಟೆಫಾನನ ನಿಯಮದಲ್ಲಿ ಕಲಿತವರು ಇದನ್ನು ತಾವೇ ಲೆಕ್ಕ ಹಾಕಬಹುದು. ತಲೆಯ ಮೇಲೆ ಇಂಥ ಕಾವಲಿಯಿರುವಾಗ ಗೋಡೆಗೆ ಎಷ್ಟು ಪಂಖ ಕೂರಿಸಿದರೂ ಫಲ ಅಷ್ಟಕ್ಕಷ್ಟೆ. ಶೀಟಿನ ಮೇಲೆ ಬಿಳಿಯ ಬಣ್ಣ ಬಳಿದರೆ ಬಿಸಿಲಿನ ಬಹುಭಾಗ ಆಕಾಶಕ್ಕೆ ಹಿಂದಿರುಗುತ್ತದೆ. ಇದಕ್ಕೆ ತಗಲುವ ವೆಚ್ಚ ಒಂದೇ ಸಲದ್ದು.

ಬೆಂಗಳೂರಿನ ಸುತ್ತಮುತ್ತಲ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ನಡೆದ ಅಧ್ಯಯನವೊಂದು ಈ ವಿಚಾರದಲ್ಲಿ ಬಹಳ ಬೆಲೆಯುಳ್ಳದ್ದು. ಅಲ್ಲಿಯ ಕಂಪೆನಿಯೊಂದು ವಿದ್ಯುತ್ತಿನ ಖರ್ಚು ಉಳಿಸಲೆಂದು ಹಳೆಯ ದೀಪಗಳನ್ನು ತೆಗೆದು ಎಲ್.ಇ.ಡಿ. ದೀಪಗಳನ್ನು ಹಾಕಿಸಿತು. ಮೂವರು ಅರ್ಥಶಾಸ್ತ್ರಜ್ಞರು ಅದರ ಪರಿಣಾಮವನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು. ದೀಪ ಬದಲಾದ ಮೇಲೆ ಕೆಲಸದ ಅಂಗಳದ ಉಷ್ಣತೆ ಇಳಿದಿತ್ತು; ಸೆಕೆಯ ದಿನಗಳಲ್ಲಿ ವಿಶೇಷವಾಗಿ, ಹೊಲಿಗೆಯ ಕೆಲಸ ಹೆಚ್ಚಾಗಿತ್ತು. ಹೆಚ್ಚಿದ ಉತ್ಪತ್ತಿಯ ಬೆಲೆ, ಉಳಿದ ವಿದ್ಯುತ್ತಿನ ಬೆಲೆಯ ಎರಡು ಪಟ್ಟಿಗಿಂತ ಮೇಲಾಯಿತು. ಅದನ್ನೂ ಸೇರಿಸಿಕೊಂಡರೆ ದೀಪಕ್ಕೆ ಹಾಕಿದ ಹಣ ಹಿಂದಿರುಗುವ ಅವಧಿ ಮೂರನೆಯ ಒಂದಕ್ಕಿಂತಲೂ ಕಡಮೆಗೆ ಇಳಿಯಿತು.

ಇದರ ಭೌತಶಾಸ್ತ್ರ ಸರಳವಾದುದು. ದೀಪ ಬಳಸಿದ ವಿದ್ಯುತ್ತು, ಬೆಳಕಿನ ಭಾಗವೂ ಸೇರಿ, ಗೋಡೆಗೋ ಬಟ್ಟೆಗೋ ತಾಗಿ ಕೊನೆಗೆ ಅದೇ ಕೋಣೆಯಲ್ಲಿ ಶಾಖವಾಗುತ್ತದೆ. ಹಳೆಯ ಟ್ಯೂಬ್ ದೀಪ ಚೋಕೂ ಸೇರಿ 50 ವ್ಯಾಟ್ ಬಳಸುತ್ತಿದ್ದರೆ ಎಲ್.ಇ.ಡಿ. ಟ್ಯೂಬು 20 ವ್ಯಾಟ್ ಬಳಸುತ್ತದೆ. ನೂರು ದೀಪ ಬದಲಾಯಿಸಿದರೆ ಮೂರು ಕಿಲೋವ್ಯಾಟಿನ ಒಲೆಯೊಂದನ್ನು ಹೊರಗೆ ಎಸೆದಂತೆ. ಖರ್ಚು ಉಳಿಸಬೇಕೆಂದರೆ ಕೆಲಸಗಾರರು ಸೆಕೆ ಸಹಿಸಿಕೊಳ್ಳಬೇಕು ಎಂದು ವಾದಿಸುವ ಆಡಳಿತಗಾರರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅಲ್ಲಿ ಉಳಿತಾಯವೂ ಹಿತವೂ ಒಂದೇ ದೀಪದಿಂದ ಬಂದುವು.

ಗಾಳಿಯನ್ನು ಬಿಟ್ಟು ಸುತ್ತಲಿನ ಮೈಗಳನ್ನೇ ತಣಿಸಿದರೆ ಹೇಗೆ? ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನಲ್ಲಿ 2011ರಲ್ಲಿ ತೆರೆದ ಕಟ್ಟಡದ ಎರಡು ಸಮಾನ ಭಾಗಗಳಲ್ಲಿ ಒಂದಕ್ಕೆ ಎಂದಿನ ತಂಪುಗಾಳಿಯ ವ್ಯವಸ್ಥೆ ಮಾಡಿ, ಇನ್ನೊಂದರ ಕಾಂಕ್ರೀಟ್ ತಾರಸಿಗಳಲ್ಲಿ ತಣ್ಣೀರಿನ ಕೊಳವೆಗಳನ್ನು ಹುದುಗಿಸಿತು. ಎರಡನೆಯ ಭಾಗ ಸುಮಾರು ಮೂರನೆಯ ಒಂದರಷ್ಟು ಕಡಮೆ ವಿದ್ಯುತ್ತನ್ನು ಬಳಸಿತು. ನಮ್ಮ ಗುಮಾಸ್ತರನ್ನು ಬೇಯಿಸುತ್ತಿದ್ದ ವಿಕಿರಣವೇ ಇಲ್ಲಿ ತಿರುಗುಮುರುಗಾಗಿ ದುಡಿಯಿತು.

ದೇಹ ಒಗ್ಗಿಕೊಳ್ಳುತ್ತದೆಂಬುದೂ ಲೆಕ್ಕಕ್ಕೆ ಬರಬೇಕು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರೂ ಸೇರಿ ಐದು ಊರುಗಳ ಕಚೇರಿ ನೌಕರರನ್ನು ಅವರು ಕುಳಿತಲ್ಲಿಯೇ ಪ್ರಶ್ನಿಸಿ ಒಂದು ಭಾರತೀಯ ಪ್ರಮಾಣವನ್ನು ರೂಪಿಸಿದ್ದಾರೆ. ಅದರಂತೆ, ಕಳೆದೊಂದು ತಿಂಗಳ ಹೊರಗಿನ ಸರಾಸರಿ ಉಷ್ಣತೆ 30 ಡಿಗ್ರಿ ಇದ್ದಾಗ, ಕಿಟಕಿ ತೆರೆದ ಕಟ್ಟಡದಲ್ಲಿ ಜನಕ್ಕೆ ಹಿತವಾಗಿ ತೋರುವ ಉಷ್ಣತೆ ಸುಮಾರು 29. ಡೆನ್ಮಾರ್ಕಿನ ವಿದ್ಯಾರ್ಥಿಗೆ ಇದು ನಂಬಲಾಗದ ಅಂಕೆ. ಬಟ್ಟೆಯ ಮಾತೂ ಇಲ್ಲಿಯೇ ಬರುತ್ತದೆ: ಜಪಾನ್ ಸರಕಾರ 2005ರಲ್ಲಿ ಬೇಸಿಗೆಯಲ್ಲಿ ಕಚೇರಿಗಳ ಉಷ್ಣತೆಯನ್ನು 28ಕ್ಕೆ ಏರಿಸಿ, ಕೋಟನ್ನೂ ಟೈಯನ್ನೂ ಬಿಟ್ಟುಬರಲು ನೌಕರರಿಗೆ ಹೇಳಿತು. ಏಪ್ರಿಲ್ ತಿಂಗಳಲ್ಲಿ ಕೋಟು ತೊಡಿಸಿ, ಕೋಟಿಗಾಗಿ ಕೋಣೆಯನ್ನು ತಣಿಸುವ ಪದ್ಧತಿ ನಮ್ಮಲ್ಲಿಯೂ ಕೆಲವೆಡೆ ಉಂಟು.

ಒಂದು ಎಚ್ಚರಿಕೆ ಅಗತ್ಯ. ತಂಪು ಸೋರಿಹೋಗುವುದೆಂದು ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸಂಗ್ರಹವಾಗಿ ತೂಕಡಿಕೆ, ತಲೆನೋವುಗಳು ತೊಡಗುತ್ತವೆ. ಗೋಡೆಗೆ ಕೂರಿಸುವ ಸಾಮಾನ್ಯ ಯಂತ್ರಗಳು ಹೊರಗಿನ ಗಾಳಿಯನ್ನು ತರುವುದಿಲ್ಲ, ಇದ್ದುದನ್ನೇ ಸುತ್ತಿಸುತ್ತವೆ. 1973ರ ತೈಲದ ಬಿಕ್ಕಟ್ಟಿನ ಬಳಿಕ ಪಶ್ಚಿಮ ದೇಶಗಳಲ್ಲಿ ಉಳಿತಾಯದ ಹೆಸರಿನಲ್ಲಿ ಹೊರಗಾಳಿಯನ್ನು ಕಡಿತ ಮಾಡಿದರು. ನೌಕರರ ಅಸ್ವಸ್ಥತೆಯ ದೂರುಗಳು ಬೆಳೆದ ಮೇಲೆ ಪ್ರಮಾಣವನ್ನು ಮತ್ತೆ ಏರಿಸಬೇಕಾಯಿತು.

ನಮ್ಮ ಕಚೇರಿಯಲ್ಲಿ ಯಂತ್ರವನ್ನು ತೆಗೆಸಲಿಲ್ಲ. ಪಡುವಣ ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಬಂದಿತು; ಯಂತ್ರದ ಗಾಳಿ ಮೇಲ್ಮುಖವಾಗಿ ಹೋಗುವಂತೆ ಅದರ ರೆಕ್ಕೆಗಳನ್ನು ತಿರುಗಿಸಿದೆವು; ಎರಡು ಪಂಖಗಳನ್ನು ಮತ್ತೆ ಓಡಿಸತೊಡಗಿದೆವು; ಊಟದ ವಿರಾಮದಲ್ಲಿ ಯಂತ್ರ ನಿಲ್ಲಿಸಿ ಬಾಗಿಲು ಕಿಟಕಿಗಳನ್ನು ತೆರೆದಿಡುವುದೆಂದು ಗೊತ್ತುಮಾಡಿದೆವು. ಕಪ್ಪು ಚೆಂಡಿನ ನಾಲ್ಕು ಡಿಗ್ರಿ ಒಂದಕ್ಕೆ ಇಳಿಯಿತು. ಯಂತ್ರ ಈಗ 26ರಲ್ಲಿದೆ, ಮತ್ತು ನಡುನಡುವೆ ನಿಲ್ಲುತ್ತದೆ. ಮೊದಲ ವಾರ ಗುಮಾಸ್ತರು 26 ಎಂಬ ಅಂಕೆಯನ್ನು ಕಂಡೇ ಬೆವರುತ್ತಿದ್ದರು. ಆದುದರಿಂದ ರಿಮೋಟನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ಇಟ್ಟಿದ್ದೇವೆ. ಶಾಲು ಕುರ್ಚಿಯ ಬೆನ್ನಿನ ಮೇಲೆ ಇನ್ನೂ ಇದೆ, ಹೊದೆಯುವುದು ಅಪರೂಪ. ನಮ್ಮ ಪ್ರಯೋಗಶಾಲೆಯ ಮೇಲಿನ ಶೀಟಿಗೆ ಬಿಳಿಯ ಬಣ್ಣ ಬಳಿಯುವ ಅರ್ಜಿ ಆಡಳಿತ ಮಂಡಲಿಯ ಮುಂದಿದೆ.